ಬಾಚಣಿಗೆಯ ಲಕೋಟೆ

ಪುಟ್ಟ ಮಿಸ್ಸಿಗೆ ವಯಸ್ಸು ನಲವತ್ತೇಳು. ಆದರೂ ಅವಳು ಪುಟ್ಟ ಮಿಸ್ಸೇ. ಯಾಕಪ್ಪಾ ಅಂದರೆ, ಅರವತ್ತಮೂರರ ದೊಡ್ಡ ಮಿಸ್ ಇನ್ನೂ ಕುರ್ಚಿ ಬಿಟ್ಟಿಲ್ಲ. ದೊಡ್ಡವರು ಎದುರಿಗೆ ಕೂತಿರುವ ತನಕ ಚಿಕ್ಕವರು ಚಿಕ್ಕವರೇ, ತಲೆ ನೆರೆತು ಬೆಳ್ಳಗಾದರೂ ಸರಿ. ನರ್ಸರಿ ಇದ್ದದ್ದು ನಾಲ್ಕಂತಸ್ತಿನ ಕಟ್ಟಡದ ಕೆಳಗೆ. ಒಂದು ಪಕ್ಕ ಟೈರ್ ಅಂಗಡಿ, ಇನ್ನೊಂದು ಪಕ್ಕ ಇಸ್ತ್ರಿ ಅಂಗಡಿ. ಎರಡು ಕೋಣೆ, ಒಂದು ಪುಟ್ಟ ಅಂಗಳ, ಮೊಣಕಾಲೆತ್ತರದ ಇಪ್ಪತ್ತೈದು ಕುರ್ಚಿ. ಆ ಕುರ್ಚಿಗಳ ಮೇಲೆ ಹತ್ತೊಂಬತ್ತು ವರ್ಷ ಕೂತು ಕೂತು ಪುಟ್ಟ ಮಿಸ್ಸಿನ ಸೊಂಟ ನೆಟ್ಟಗಾಗುವಾಗಲೆಲ್ಲ ಒಂದು ಸಲ ಲಟಕ್ ಎನ್ನುತ್ತಿತ್ತು.

ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಗೂಟಗಳು. ಅಲ್ಲಿ ಯಾರಿಗೂ ಓದಲು ಬರುವುದಿಲ್ಲವಲ್ಲ, ಅದಕ್ಕೆ ಒಂದೊಂದು ಗೂಟದ ಮೇಲೂ ಒಂದೊಂದು ಚಿತ್ರ: ಸಿಂಹ, ಹಡಗು, ಛತ್ರಿ, ಆಮೆ, ಗಂಟೆ. ಮಗುವಿನ ಲೋಟದ ಮೇಲೂ ಅದೇ ಚಿತ್ರ, ಚಾಪೆಯ ಮೇಲೂ ಅದೇ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಕ್ಕಳು ಅಪ್ಪ ಅಮ್ಮ ಇಟ್ಟ ಹೆಸರು ಬಿಟ್ಟು ಚಿತ್ರಕ್ಕೇ ಓಗೊಡುತ್ತವೆ. "ಮಿಸ್, ಸಿಂಹ ಆಮೇನ ಕಚ್ಚಿದ!" ಎಂದರೆ ಅಲ್ಲಿ ಯಾರೂ ನಗುವುದಿಲ್ಲ, ಡೆಟಾಲ್ ತರುತ್ತಾರೆ. ಒಳ್ಳೊಳ್ಳೆಯ ಚಿತ್ರಗಳೆಲ್ಲ ಮೊದಲ ವಾರವೇ ಖರ್ಚು. ತಡವಾಗಿ ಬಂದವರಿಗೆ ಉಳಿದದ್ದೇ ಗತಿ. ಎಂಟು ತಿಂಗಳ ಹಿಂದೆ, ವರ್ಷ ಶುರುವಾದ ಮೇಲೆ ಸೇರಿದ ಒಂದು ಹುಡುಗಿಗೆ ಬಾಚಣಿಗೆ ಸಿಕ್ಕಿತ್ತು. ಬೇರೆ ಮಕ್ಕಳಾಗಿದ್ದರೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದವು. ಈ ಹುಡುಗಿ ಬಾಚಣಿಗೆಯನ್ನು ನೋಡಿ, ಸರಿ ಎಂಬಂತೆ ತಲೆಯಾಡಿಸಿದಳು.

ಈಗ ವರ್ಷದ ಕೊನೆಯ ವಾರ. ಮಕ್ಕಳು ದೊಡ್ಡ ಶಾಲೆಗೆ ಹೋಗುತ್ತವೆ, ಅವುಗಳ ಜೊತೆ ಒಂದೊಂದು ರಿಪೋರ್ಟು ಹೋಗಬೇಕು. ರಿಪೋರ್ಟು ಬರೆಯುವುದೇನು ಸುಮ್ಮನೆ ಮಾತಲ್ಲ. ಆ ನರ್ಸರಿಯಲ್ಲಿ ಅದಕ್ಕೊಂದು ಕ್ರಮ. ವರ್ಷವಿಡೀ ಮಿಸ್ ಕಿಸೆಯಲ್ಲಿ ಅಂಗೈಯಗಲದ ಚೀಟಿಗಳನ್ನು ಇಟ್ಟುಕೊಂಡಿರಬೇಕು. ಕಣ್ಣಿಗೆ ಬಿದ್ದದ್ದನ್ನು ಒಂದೇ ವಾಕ್ಯದಲ್ಲಿ ಬರೆಯಬೇಕು, ತಾರೀಖು ಹಾಕಬೇಕು, ಮೂಲೆಯಲ್ಲಿ ಮಗುವಿನ ಚಿತ್ರ ಗೀಚಬೇಕು, ಆ ಮಗುವಿನ ಲಕೋಟೆಗೆ ಹಾಕಬೇಕು. ವರ್ಷದ ಕೊನೆಗೆ ಲಕೋಟೆ ಬಿಚ್ಚಿ, ಚೀಟಿ ಹರಡಿಕೊಂಡು, ರಿಪೋರ್ಟು ಬರೆಯಬೇಕು. ಇನ್ನೊಂದು ನಿಯಮ ದೊಡ್ಡ ಮಿಸ್ಸಿನದು, ಅದು ಕಲ್ಲಿನ ಮೇಲೆ ಕೆತ್ತಿದ ನಿಯಮ: ರಿಪೋರ್ಟಿನಲ್ಲಿ "ಇಲ್ಲ" ಎಂಬ ಮಾತು ಬರಕೂಡದು.

"ನೋಡಮ್ಮ, ಇಲ್ಲ ಇಲ್ಲ ಅಂತ ಬರೆದ್ರೆ ಆ ಮಗು ಹಣೇಲಿ ನಾವೇ ಬರೆದ ಹಾಗೆ," ಎನ್ನುತ್ತಿದ್ದರು ಅವರು.

ಹೀಗಾಗಿ ಸಿಂಹ ಕಚ್ಚುವುದನ್ನು "ಭಾವನೆಗಳನ್ನು ತಕ್ಷಣ ವ್ಯಕ್ತಪಡಿಸುತ್ತಾನೆ" ಎಂದು ಬರೆಯಬೇಕು. ಛತ್ರಿ ಒಂದು ಗಳಿಗೆ ಬಾಯಿ ಮುಚ್ಚದಿರುವುದನ್ನು "ಸಂಭಾಷಣೆಯಲ್ಲಿ ಅಪಾರ ಆಸಕ್ತಿ" ಎನ್ನಬೇಕು. ಗಂಟೆ ಯಾರ ಮಾತೂ ಕೇಳದೆ ತನಗೆ ತೋಚಿದ್ದೇ ಮಾಡುವುದು "ನಾಯಕತ್ವದ ಲಕ್ಷಣ". ಅದನ್ನು ಓದಿದ ಅಪ್ಪ ಅಮ್ಮಂದಿರು ಉಬ್ಬಿಹೋಗುತ್ತಾರೆ. ಅದನ್ನೇ ಓದಿದ ದೊಡ್ಡ ಶಾಲೆಯ ಟೀಚರು, ಅವರೂ ಅದೇ ಕಸುಬಿನವರಲ್ಲವೇ, ಒಂದು ನಿಟ್ಟುಸಿರು ಬಿಟ್ಟು ಡೆಟಾಲ್ ತರಿಸಿಡುತ್ತಾರೆ.

ಪುಟ್ಟ ಮಿಸ್ಸಿಗೆ ಈ ವಿದ್ಯೆ ಕರತಲಾಮಲಕ. ಈ ವರ್ಷ ಮಾತ್ರ ಅವಳು ಬರೆಯುತ್ತಿದ್ದದ್ದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಕೈ ಬರೆಯುತ್ತಿತ್ತು, ಅವಳು ಪಕ್ಕದಲ್ಲಿ ಕೂತಿರುತ್ತಿದ್ದಳು.

ಕಾರಣ ಎಲ್ಲರಿಗೂ ಗೊತ್ತಿತ್ತು. ಎಂಟು ತಿಂಗಳ ಹಿಂದೆ ಅವಳ ಅಕ್ಕ ತೀರಿಕೊಂಡಿದ್ದಳು. ಅಕ್ಕ ದರ್ಜಿ. ತಂಗಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ತಲೆ ಬಾಚಿದವಳು, ಬೈದವಳು, ಜ್ವರ ಬಂದಾಗ ಪಕ್ಕ ಕೂತವಳು ಅವಳೇ. ಇಬ್ಬರೂ ಮದುವೆಯ ಗೋಜಿಗೆ ಹೋಗದೆ ಎರಡು ಕೋಣೆಯ ಮನೆಯಲ್ಲಿ ಜಗಳವಾಡಿಕೊಂಡು ಹಾಯಾಗಿದ್ದರು. ಕೊನೆಯದಾಗಿ ಅಕ್ಕ ಹೊಲಿದದ್ದು ತಂಗಿಯ ಏಪ್ರನ್ನು. ನೀಲಿ ಬಟ್ಟೆ, ಎರಡು ದೊಡ್ಡ ಕಿಸೆ, ಬೆನ್ನ ಹಿಂದೆ ಕಟ್ಟಿಕೊಳ್ಳಲು ಲಾಡಿ. ಆ ಲಾಡಿಯೋ, ಕಟ್ಟಿದ ಮೇಲೂ ಮೊಣಕಾಲಿನ ತನಕ ಜೋತಾಡುವಷ್ಟು ಉದ್ದ.

"ಇಷ್ಟುದ್ದ ಲಾಡಿ ಯಾಕೆ, ಎಮ್ಮೆ ಕಟ್ಟೋಕಾ?" ಎಂದಿದ್ದಳು ತಂಗಿ.

"ಎಮ್ಮೆ ಕಟ್ಟೋಕೇ. ಇನ್ನೆರಡು ವರ್ಷಕ್ಕೆ ನೀನು ಎಮ್ಮೆ ಆಗ್ತೀಯಲ್ಲ, ಆಗ ನನ್ನ ನೆನೆಸ್ಕೋತೀಯ," ಎಂದಿದ್ದಳು ಅಕ್ಕ, ಬಾಯಲ್ಲಿದ್ದ ಗುಂಡುಸೂಜಿ ತೆಗೆಯದೆ.

ಮಾರನೆಯ ದಿನ ಸಂಜೆ ಐದಕ್ಕೆ ತಂಗಿ ಮನೆಗೆ ಬಂದಾಗ ಅಕ್ಕ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಮಲಗಿದ್ದಳು. ಹೃದಯ ನಿಂತು ಮೂರು ಗಂಟೆಯಾಗಿರಬಹುದು ಎಂದರು ಡಾಕ್ಟರು. ತಂಗಿಗೆ ಅಳು ಬರಲಿಲ್ಲ. ಬಂದೀತು ಎಂದು ನಾಲ್ಕು ದಿನ ಕಾದಳು, ಬಸ್ಸಿಗೆ ಕಾದ ಹಾಗೆ. ಬರಲಿಲ್ಲ. ಐದನೆಯ ದಿನ ಏಪ್ರನ್ ಕಟ್ಟಿಕೊಂಡು ಕೆಲಸಕ್ಕೆ ಬಂದಳು. "ಎಂಥ ಗಟ್ಟಿ ಹೆಂಗಸು! ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೋಡಿ," ಎಂದು ನೆಂಟರೆಲ್ಲ ಮೆಚ್ಚಿಕೊಂಡರು. ಗಟ್ಟಿಯೂ ಅಲ್ಲ, ಗಿಟ್ಟಿಯೂ ಅಲ್ಲ. ಮರಗಟ್ಟಿಹೋಗಿದ್ದಳು, ಅಷ್ಟೇ. ಊಟಕ್ಕೆ ಉಪ್ಪು ಹಾಕಿದೆನೋ ಬಿಟ್ಟೆನೋ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಹಾಲಿನ ಪಾತ್ರೆ ತಗುಲಿ ಮುಂಗೈಯಲ್ಲಿ ಬೊಬ್ಬೆ ಎದ್ದದ್ದು ನರ್ಸರಿಯ ಆಯಾ ಕೂಗಿಕೊಂಡ ಮೇಲೆಯೇ ಗೊತ್ತಾಯಿತು. ಏಪ್ರನ್ನಿನ ಗಂಟು ದಿನಕ್ಕೆ ನಾಲ್ಕೈದು ಸಲ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅಕ್ಕ ಜಾರುವ ಬಟ್ಟೆ ಹಾಕಿ ಲಾಡಿ ಹೊಲಿದಿದ್ದಾಳೆ ಎಂದುಕೊಂಡು ಮತ್ತೆ ಕಟ್ಟಿಕೊಳ್ಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ಬಾಚಣಿಗೆಯ ಅಪ್ಪ ಬಾಗಿಲಲ್ಲಿ ನಿಂತ. ಲಿಫ್ಟ್ ರಿಪೇರಿ ಮಾಡುವವನು, ಕಿಸೆಯಲ್ಲಿ ಸ್ಕ್ರೂಡ್ರೈವರ್ ಇಲ್ಲದೆ ಅವನನ್ನು ಯಾರೂ ನೋಡಿಲ್ಲ.

"ಮಿಸ್, ರಿಪೋರ್ಟು ಶುಕ್ರವಾರ ಸಿಗುತ್ತಲ್ವಾ?"

"ಸಿಗುತ್ತೆ."

"ಸ್ವಲ್ಪ ಉದ್ದಕ್ಕೆ ಬರೀತೀರಾ?" ಅವನು ಕಾಲಿನಿಂದ ಕಾಲಿಗೆ ಭಾರ ಬದಲಿಸಿದ. "ನನ್ ಹೆಂಡ್ತಿ ಆಸ್ಪತ್ರೇಲಿದಾಳಲ್ಲ, ಎಂಟು ತಿಂಗಳಾಯ್ತು. ಆ ವಾರ್ಡಿಗೆ ಮಕ್ಕಳನ್ನ ಬಿಡಲ್ಲ. ಫೋನ್ ಕೊಟ್ರೆ ಇವಳು ಕಿವಿಗೆ ಹಿಡ್ಕೊಂಡು ಸುಮ್ನೆ ನಿಂತ್ಬಿಡ್ತಾಳೆ. ಮಗು ಹೇಗಿದಾಳೆ ಅಂತ ಅವಳು ನನ್ನ ಕೇಳ್ತಾಳೆ, ಚೆನ್ನಾಗಿದಾಳೆ ಅಂತೀನಿ. ಮತ್ತೆ ಕೇಳ್ತಾಳೆ, ಮತ್ತೆ ಚೆನ್ನಾಗಿದಾಳೆ ಅಂತೀನಿ. 'ನೀವೇನು ಲಿಫ್ಟಾ, ಯಾವ ಗುಂಡಿ ಒತ್ತಿದ್ರೂ ಒಂದೇ ಮಹಡಿಗೆ ಹೋಗ್ತೀರಲ್ಲ' ಅಂತ ಬೈದ್ಲು ಹೋದ ವಾರ."

ಪುಟ್ಟ ಮಿಸ್ ನಕ್ಕಳು. ನಗಬೇಕಾದ ಕಡೆ ನಗುವುದು ಅಭ್ಯಾಸವಾಗಿತ್ತು.

"ಮುಂದಿನ ಗುರುವಾರ ಆಪರೇಷನ್ನು. ಭಯ ಬೇಡ ಅಂತಾರೆ ಡಾಕ್ಟ್ರು. ಆದ್ರೂ ಅದಕ್ಕೆ ಮುಂಚೆ ಮಗಳ ಬಗ್ಗೆ ಓದ್ಬೇಕಂತೆ. 'ಮಿಸ್ ಬರೆದಿದ್ದು ತಗೊಂಡ್ ಬನ್ನಿ, ನಿಮ್ಮ ಮಾತು ನಂಗೆ ಬೇಡ' ಅಂದ್ಲು. ಶನಿವಾರ ಹೋಗ್ತೀನಿ." ಅವನು ದನಿ ತಗ್ಗಿಸಿದ. "ಮಗು ಮನೇಲಿ ಬಾಯೇ ಬಿಡಲ್ಲ ಮಿಸ್. ದಿನವೆಲ್ಲ ನಿಮ್ಮ ಹತ್ರ ಇರ್ತಾಳೆ. ನಿಮಗೆ ಗೊತ್ತಿರುತ್ತೆ."

"ಖಂಡಿತ ಬರೀತೀನಿ," ಎಂದಳು ಪುಟ್ಟ ಮಿಸ್.

ಮಧ್ಯಾಹ್ನ ಮಕ್ಕಳು ಚಾಪೆಯ ಮೇಲೆ ನಿದ್ದೆ ಹೋದಾಗ ಅವಳು ಲಕೋಟೆಗಳನ್ನು ಮೇಜಿನ ಮೇಲೆ ಸುರಿದುಕೊಂಡಳು. ಸಿಂಹದ್ದು ಉಬ್ಬಿ ಅಂಟು ಬಿಟ್ಟಿತ್ತು, ಎಪ್ಪತ್ತು ಚೀಟಿಗೆ ಕಡಿಮೆಯಿಲ್ಲ. ಛತ್ರಿಯದು ಐವತ್ತು. ಗಂಟೆಯದು ಅರವತ್ತು. ಬಾಚಣಿಗೆಯ ಲಕೋಟೆ ಹೊಸದಾಗಿ ಅಂಗಡಿಯಿಂದ ತಂದ ಹಾಗೆ ಚಪ್ಪಟೆಯಾಗಿತ್ತು. ಒಳಗೆ ಮೂರೇ ಮೂರು ಚೀಟಿ. "ಹೊಸ ಮಗು. ಅಳಲಿಲ್ಲ." "ಊಟ ಪೂರ್ತಿ ಮಾಡಿದಳು." "ಯಾರ ಪಕ್ಕವೂ ಕೂರಲಿಲ್ಲ. ನಾಳೆ ಗಮನಿಸಬೇಕು." ಮೂರನೆಯ ಚೀಟಿಯ ತಾರೀಖು ನೋಡಿದಳು. ಅಕ್ಕ ಸತ್ತ ದಿನದ್ದು. ಆ ಸಂಜೆ ಐದಕ್ಕೆ ಮುಂಚೆ ಬರೆದದ್ದು.

ನಾಳೆ ಎಂದು ಬರೆದದ್ದು ಎಂಟು ತಿಂಗಳಾಗಿ ಹೋಗಿತ್ತು. ಉಳಿದ ಮಕ್ಕಳಿಗೆ ಚೀಟಿ ಬಿದ್ದಿತ್ತು, ಯಾಕೆಂದರೆ ಅವು ಕಿರುಚಿದ್ದವು, ಬಿದ್ದಿದ್ದವು, ಕಚ್ಚಿದ್ದವು, ಎದುರು ನಿಂತು ಕೈ ಎಳೆದಿದ್ದವು. ಅಳುವ ಕೂಸಿಗೆ ಹಾಲು ಎನ್ನುತ್ತಾರಲ್ಲ, ಚೀಟಿಯೂ ಅದಕ್ಕೇ. ಬಾಚಣಿಗೆ ಅತ್ತಿರಲಿಲ್ಲ.

ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. ಆ ಮಗು ಏನು ಆಡುತ್ತಾಳೆ? ಯಾರ ಜೊತೆ? ದನಿ ಹೇಗೆ? ಏನೂ ಹೊಳೆಯಲಿಲ್ಲ. ಮುಖ ಕೂಡ ಸರಿಯಾಗಿ ಬರಲಿಲ್ಲ. ಬಂದದ್ದು ನೆತ್ತಿ ಮಾತ್ರ. ಸೊಟ್ಟ ಬೈತಲೆ, ಎಡಕ್ಕೆ ಹೊರಟು ನಡುವೆ ಮನಸ್ಸು ಬದಲಿಸಿ ಬಲಕ್ಕೆ ಹೊರಳಿದ ಬೈತಲೆ, ಅಪ್ಪ ತೆಗೆದದ್ದಿರಬೇಕು. ಅದನ್ನು ಮಾತ್ರ ಇಷ್ಟು ಚೆನ್ನಾಗಿ ಹೇಗೆ ಬಲ್ಲೆ ಎಂದು ಅವಳು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವ ಶಕ್ತಿಯೂ ಇರಲಿಲ್ಲ.

ಮಂಗಳವಾರ ರಿಪೋರ್ಟು ಬರೆದಳು. ಕಾಲು ಗಂಟೆ ಸಾಕಾಯಿತು. "ಶಾಂತ ಸ್ವಭಾವದ ಮಗು. ತರಗತಿಗೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ. ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾಳೆ. ಊಟ, ನಿದ್ದೆ ಕ್ರಮವಾಗಿವೆ." ಫಾರ್ಮಿನ ತಳದಲ್ಲಿ ಒಂದು ಚೌಕ ಇರುತ್ತದೆ: ಈ ಮಗುವಿನ ಬಗ್ಗೆ ಶಾಲೆಯವರು ತಿಳಿದಿರಬೇಕಾದ ಒಂದು ಮಾತು. ಅದರಲ್ಲಿ "ಎಲ್ಲರಿಗೂ ಅಚ್ಚುಮೆಚ್ಚು" ಎಂದು ತುಂಬಿದಳು.

ದೊಡ್ಡ ಮಿಸ್ ಓದಿ, "ಚೆನ್ನಾಗಿದೆ, ಒಂದೂ 'ಇಲ್ಲ' ಇಲ್ಲ," ಎಂದು ಸಹಿ ಹಾಕಲು ಪೆನ್ನು ತೆಗೆದರು.

"ಎಂಥ ಶಾಂತ ಮಗು ಅಲ್ವಾ ಅದು," ಎಂದೂ ಸೇರಿಸಿದರು. "ನಿನ್ನ ಹಾಗೇನೇ. ಅಷ್ಟೆಲ್ಲ ಆದ್ರೂ ಒಂದು ದಿನ ಮುಖ ಬಾಡಿಸ್ಕೊಂಡು ಬರ್ಲಿಲ್ಲ ನೀನು."

ಪುಟ್ಟ ಮಿಸ್ ಕೈ ಚಾಚಿ ಫಾರ್ಮನ್ನು ಅವರ ಪೆನ್ನಿನ ಕೆಳಗಿನಿಂದ ಎಳೆದುಕೊಂಡಳು. ಯಾಕೆ ಎಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ. ಸಿಟ್ಟೂ ಅಲ್ಲ, ದುಃಖವೂ ಅಲ್ಲ. ತನ್ನ ಬಗ್ಗೆ ಅವರು ಹೇಳಿದ್ದು ಸುಳ್ಳು ಎಂಬುದು ಅವಳಿಗೆ ಗೊತ್ತಿತ್ತು, ಅಷ್ಟೇ. ಹಾಗಾದರೆ ಕಾಗದದಲ್ಲಿ ಇರುವುದೂ ಸುಳ್ಳೇ ಇರಬೇಕು.

"ಶುಕ್ರವಾರದ ತನಕ ಟೈಮ್ ಇದೆಯಲ್ಲ. ಒಂದು ಸಲ ನೋಡ್ಬಿಟ್ಟು ಬರೀತೀನಿ," ಎಂದಳು.

"ಏನು ನೋಡೋದಿದೆ ಅದರಲ್ಲಿ? ಬಾಯಲ್ಲಿ ಬೆರಳಿಟ್ಟರೂ ಕಚ್ಚೋಕೆ ಬರಲ್ಲ ಅದಕ್ಕೆ!"

ಬುಧವಾರ ಬೆಳಿಗ್ಗೆ ಪುಟ್ಟ ಮಿಸ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಳು. ಕಿಸೆಯಲ್ಲಿ ಹೊಸ ಚೀಟಿಗಳ ಕಟ್ಟು. ಮಕ್ಕಳು ಬಣ್ಣದ ಮೇಜಿಗೆ ನುಗ್ಗಿದವು. ಬಾಚಣಿಗೆ ಅಲ್ಲಿರಲಿಲ್ಲ. ಇಟ್ಟಿಗೆ ಆಟದ ಮೂಲೆಯಲ್ಲಿ ನೋಡಿದಳು, ಇರಲಿಲ್ಲ. ಅಂಗಳಕ್ಕೆ ಹೋದಳು, ಮರಳಿನ ತೊಟ್ಟಿಯಲ್ಲಿ ಸಿಂಹ ಒಬ್ಬನೇ ಕೂತು ಘರ್ಜಿಸುತ್ತಿದ್ದ. ಬಚ್ಚಲಿಗೆ ಇಣುಕಿದಳು. ಗೂಟದಲ್ಲಿ ಚೀಲ ನೇತಾಡುತ್ತಿತ್ತು, ಬಂದಿರುವುದಂತೂ ನಿಜ.

"ಬಾಚಣಿಗೆ ಎಲ್ಲಿ? ಯಾರಾದ್ರೂ ನೋಡಿದ್ರಾ?" ಎಂದು ಕೇಳಿದಳು.

ಛತ್ರಿ ಕಿಸಕ್ಕನೆ ನಕ್ಕ. "ಹಿಂದೆ, ಮಿಸ್!"

ಪುಟ್ಟ ಮಿಸ್ ಹಿಂದಕ್ಕೆ ತಿರುಗಿದಳು. ಯಾರೂ ಇಲ್ಲ.

"ಹಿಂದೇ!" ಎಂದವು ನಾಲ್ಕು ಮಕ್ಕಳು. ಮತ್ತೆ ತಿರುಗಿದಳು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. "ಬಾಲ! ಬಾಲ! ಮಿಸ್ಸಿನ ಬಾಲ!" ಎಂದು ಗಂಟೆ ಕುಣಿದ. ಪುಟ್ಟ ಮಿಸ್ ನಿಂತಲ್ಲೇ ನಿಂತು, ಮೈ ತಿರುಗಿಸದೆ ಕತ್ತು ಮಾತ್ರ ಹೊರಳಿಸಿ ಕೆಳಗೆ ನೋಡಿದಳು. ಸೊಟ್ಟ ಬೈತಲೆ ಕಂಡಿತು. ಅದರ ಕೆಳಗೆ ಒಂದು ಪುಟ್ಟ ಮುಷ್ಟಿ. ಮುಷ್ಟಿಯೊಳಗೆ ಏಪ್ರನ್ನಿನ ಲಾಡಿಯ ತುದಿ.

ಲಾಡಿಯ ಆ ತುದಿ ಬೆವರು ಹೀರಿ, ತಿಕ್ಕಿ ತಿಕ್ಕಿ, ನೀಲಿ ಹೋಗಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಇದು ಯಾವಾಗಿಂದ?" ಎಂದು ಅವಳು ಆಯಾಳನ್ನು ಕೇಳಿದಳು.

ಲೋಟ ತೊಳೆಯುತ್ತಿದ್ದ ಆಯಾ ಕೈ ನಿಲ್ಲಿಸಿದಳು. "ಯಾವಾಗಿಂದ ಅಂದ್ರೆ? ನೀವು ರಜೆ ಮುಗಿಸಿ ಬಂದಾಗಿಂದ! ನಿಮಗೆ ಗೊತ್ತಿಲ್ವಾ? ಅಯ್ಯೋ ದೇವ್ರೇ! ನೀವೇ ಹಿಡ್ಕೊಳ್ಳೋಕೆ ಬಿಟ್ಟಿದ್ದೀರಿ ಅನ್ಕೊಂಡಿದ್ದೆ ನಾನು. ಪಾಪ, ಮಿಸ್ಸಿಗೆ ಅಷ್ಟು ಸಂಕಟ ಇದ್ರೂ ಮಗೂನ ಬೆನ್ನಿಗೆ ಕಟ್ಕೊಂಡು ಓಡಾಡ್ತಾರೆ ಅಂತ ನಮ್ಮ ಮನೇಲೆಲ್ಲ ಹೇಳಿದೀನಿ." ಆಮೇಲೆ ತಡೆಯಲಾರದೆ ನಕ್ಕೂ ಬಿಟ್ಟಳು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರು ಅನ್ನೋದು ಕೇಳಿದ್ದೆ, ಇವತ್ತು ನೋಡ್ದೆ."

ಗಂಟು ಯಾಕೆ ದಿನಕ್ಕೆ ನಾಲ್ಕೈದು ಸಲ ಬಿಚ್ಚಿಕೊಳ್ಳುತ್ತಿತ್ತು ಎಂದು ಪುಟ್ಟ ಮಿಸ್ಸಿಗೆ ಆಗ ಗೊತ್ತಾಯಿತು. ಅಕ್ಕನ ಬಟ್ಟೆಯಲ್ಲಿ ಏನೂ ದೋಷವಿರಲಿಲ್ಲ. ಎಂಟು ತಿಂಗಳು ಒಂದು ಮಗು ಬೆನ್ನ ಹಿಂದೆ ಎಳೆಯುತ್ತಿತ್ತು, ಇವಳಿಗೆ ಗೊತ್ತೇ ಆಗಿರಲಿಲ್ಲ. ನಾಚಿಕೆಯಾಗಬೇಕಿತ್ತು. ಆದದ್ದು ನಾಚಿಕೆಯಲ್ಲ, ಮಂಜುಗಡ್ಡೆ ಹಿಡಿದು ಬಿಟ್ಟ ಕೈಗೆ ಆಗುವಂಥ ಒಂದು ಮಂಕು ನೋವು.

ಮಧ್ಯಾಹ್ನ ಎಲ್ಲ ಮಲಗಿದ ಮೇಲೆ ಅವಳು ಬಾಚಣಿಗೆಯ ಚಾಪೆಯ ಪಕ್ಕ ನೆಲಕ್ಕೆ ಕೂತಳು. ಸೊಂಟ ಲಟಕ್ ಎಂದಿತು. ಮಗು ಎಚ್ಚರವಾಗಿತ್ತು, ಕೈ ಚಾಚಿ ಲಾಡಿ ಹಿಡಿದುಕೊಂಡಿತು.

"ಇದನ್ನ ಯಾಕಮ್ಮ ಹಿಡ್ಕೋತೀಯ?"

ಮಗು ಲಾಡಿಯ ತುದಿಯನ್ನು ಹೆಬ್ಬೆರಳಿನಿಂದ ತಿಕ್ಕಿತು.

"ಬಿಟ್ರೆ ಹೋಗ್ಬಿಡ್ತಾರೆ," ಎಂದಳು ಹುಡುಗಿ. ದನಿ ಸ್ವಲ್ಪ ಒಡಕು, ಈಗ ತಾನೇ ನಿದ್ದೆಯಿಂದ ಎದ್ದವರ ಹಾಗೆ. ಪುಟ್ಟ ಮಿಸ್ ಆ ದನಿಯನ್ನು ಮೊದಲ ಸಲ ಕೇಳಿದಳು.

"ಯಾರು ಹೋಗ್ಬಿಡ್ತಾರೆ?"

"ದೊಡ್ಡೋರು. ಆಸ್ಪತ್ರೇಲಿ ಅಮ್ಮನ ಕೈ ಹಿಡ್ಕೋ, ಬಿಡ್ಬೇಡ ಅಂದಿದ್ರು ಅಪ್ಪ. ನಾನು ಬಿಟ್ಬಿಟ್ಟೆ. ಅಮ್ಮ ಬಾಗಿಲೊಳಗೆ ಹೋಗ್ಬಿಟ್ರು." ಲಾಡಿಯನ್ನು ಬೆರಳಿಗೆ ಒಂದು ಸುತ್ತು ಸುತ್ತಿಕೊಂಡಳು. "ನಿಮ್ಮನ್ನ ಬಿಟ್ಟಿಲ್ಲ."

"ಹೌದು, ಬಿಟ್ಟಿಲ್ಲ," ಎಂದಳು ಪುಟ್ಟ ಮಿಸ್. ನಿನ್ನ ತಪ್ಪಲ್ಲ ಎಂದು ಹೇಳಬಹುದಿತ್ತು, ಹೇಳಿದಳು ಕೂಡ. ಮಗು ತಲೆಯಾಡಿಸಿತು. ಬಾಚಣಿಗೆಯ ಚಿತ್ರಕ್ಕೆ ತಲೆಯಾಡಿಸಿದ್ದೂ ಹೀಗೆಯೇ. ನಂಬಲಿಲ್ಲ ಎಂಬುದು ಸ್ಪಷ್ಟವಾಗಿತ್ತು.

ಆ ಮಧ್ಯಾಹ್ನ ಉಳಿದ ಹೊತ್ತು, ಗುರುವಾರ ಇಡೀ ದಿನ, ಪುಟ್ಟ ಮಿಸ್ ಚೀಟಿ ಬರೆದಳು. ಬೆನ್ನ ಹಿಂದಿರುವ ಮಗುವನ್ನು ನೋಡುವುದು ಸುಲಭವಲ್ಲ. ಕಿಟಕಿಯ ಗಾಜಿನಲ್ಲಿ ನೋಡಿದಳು, ಸ್ಟೀಲಿನ ನೀರಿನ ಡ್ರಮ್ಮಿನಲ್ಲಿ ನೋಡಿದಳು. ಹಾಲು ಕುಡಿಯುವಾಗ ಲೋಟದ ಮೇಲಿನ ಬಾಚಣಿಗೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಳ್ಳುತ್ತಾಳೆ. ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾದ ಚಪ್ಪಲಿಗಳನ್ನು ಒಂದೇ ಕೈಯಲ್ಲಿ ಜೋಡಿ ಮಾಡಿಡುತ್ತಾಳೆ, ಒಂದೂ ತಪ್ಪುವುದಿಲ್ಲ. ಎಲ್ಲರೂ ಹಾಡುವಾಗ ಬಾಯಿ ತೆರೆಯುವುದಿಲ್ಲ, ಕಾಲಿನ ಹೆಬ್ಬೆರಳು ತಾಳ ಹಾಕುತ್ತದೆ. ಸಿಂಹ ಕಚ್ಚಲು ಬಂದರೆ ಅವನ ಬಾಯಿಗೆ ಬಿಸ್ಕತ್ತು ಇಡುತ್ತಾಳೆ. ಈ ಉಪಾಯ ಹತ್ತೊಂಬತ್ತು ವರ್ಷದಲ್ಲಿ ಯಾವ ಮಿಸ್ಸಿಗೂ ಹೊಳೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹೊಸ ರಿಪೋರ್ಟನ್ನು ದೊಡ್ಡ ಮಿಸ್ಸಿನ ಮುಂದೆ ಇಟ್ಟಳು. ಕೊನೆಯ ಚೌಕ ಸಾಲದೆ ಅಂಚಿನ ತನಕ ಬರೆದಿದ್ದಳು.

"ತಾನು ಕೈ ಬಿಟ್ಟದ್ದರಿಂದ ತಾಯಿ ಹೋಗಿಬಿಟ್ಟಳು ಎಂದು ಈ ಮಗು ತಿಳಿದಿದ್ದಾಳೆ. ಅದಕ್ಕಾಗಿ ಎಂಟು ತಿಂಗಳಿಂದ ನನ್ನ ಏಪ್ರನ್ನಿನ ಲಾಡಿ ಹಿಡಿದು ನಡೆದಿದ್ದಾಳೆ. ನಾನು ಗಮನಿಸಲಿಲ್ಲ. ಅವಳು ಶಾಂತವಾಗಿಲ್ಲ. ನನ್ನ ಮನೆಯಲ್ಲಿ ಸಾವಾಗಿತ್ತು, ನನಗೆ ಏನೂ ತಿಳಿಯುತ್ತಿರಲಿಲ್ಲ. ಅವಳು ಒಂದು ದಿನವೂ ನನ್ನನ್ನು ಬಿಡಲಿಲ್ಲ. ಶಾಲೆಯಲ್ಲಿ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಕೊಡಿ. ಹಿಡಿದುಕೊಂಡಿದ್ದಾಳೆ ಎಂಬುದನ್ನು ನೋಡಿ."

ದೊಡ್ಡ ಮಿಸ್ ಪೆನ್ನಿನ ತುದಿಯಲ್ಲಿ ಎಣಿಸಿದರು. "ಒಂದು 'ಇಲ್ಲ'. ಎರಡು. ಮೂರು, ನಾಲ್ಕು. ನಾಲ್ಕು 'ಇಲ್ಲ'! ತಲೆಗಿಲೆ ಕೆಟ್ಟಿದೆಯಾ ನಿನಗೆ? ನಾವು ಮಗೂನ ನೋಡ್ಲಿಲ್ಲ ಅಂತ ನಾವೇ ಬರೆದು ಕೊಡೋದಾ? ನಮ್ಮ ತಲೆ ಮೇಲೆ ನಾವೇ ಚಪ್ಪಡಿ ಎಳ್ಕೊಂಡ ಹಾಗೆ!"

"ನೋಡ್ಲಿಲ್ಲವಲ್ಲ."

"ಹಾಗಂತ ಬರೀತಾರಾ? ಆ ತಾಯಿ ಆಪರೇಷನ್ನಿಗೆ ಮುಂಚೆ ಇದನ್ನ ಓದ್ಬೇಕಾ?"

"ಅವಳಿಗೆ ಬೇಕಾಗಿರೋದು ಮಗಳ ಸುದ್ದಿ. ಇರೋ ಸುದ್ದಿ ಇದೊಂದೇ," ಎಂದಳು ಪುಟ್ಟ ಮಿಸ್. "ನನ್ನ ಹೆಸರು ಹಾಕ್ಕೋತೀನಿ. ನೀವು ಸಹಿ ಮಾಡ್ದಿದ್ರೂ ಪರವಾಗಿಲ್ಲ."

ದೊಡ್ಡ ಮಿಸ್ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಒಂದಷ್ಟು ಹೊತ್ತು ಬುಸುಗುಟ್ಟಿ ನಿಂತಿತು.

"ಅವತ್ತು ಐದನೇ ದಿನಕ್ಕೆ ನೀನು ಬಂದಾಗ ನಾನು ಮನೆಗೆ ಕಳಿಸ್ಬೇಕಿತ್ತು," ಎಂದರು. "ನೀನು ಶಾಂತವಾಗಿದ್ದೆ. ನನಗೂ ಕೈಗೆ ಜನ ಬೇಕಿತ್ತು. ನಾನೂ ನೋಡ್ಲಿಲ್ಲ ಕಣೆ." ಕನ್ನಡಕ ಹಾಕಿಕೊಂಡು, ಐದನೆಯ ಇಲ್ಲವನ್ನು ತಾವೇ ಬಾಯಿಬಿಟ್ಟು ಹೇಳಿದ ಮೇಲೆ ಇನ್ನೇನು ಎಂಬಂತೆ, ಸಹಿ ಹಾಕಿದರು.

ಪುಟ್ಟ ಮಿಸ್ ರಿಪೋರ್ಟನ್ನೂ ಹೊಸ ಹಳೆಯ ಚೀಟಿಗಳನ್ನೂ ಲಕೋಟೆಗೆ ಹಾಕಿದಳು. ಅಂಟಿಸುವ ಮುಂಚೆ ಒಂದು ಖಾಲಿ ಚೀಟಿಯನ್ನೂ ಹಾಕಿದಳು, ಮೂಲೆಯಲ್ಲಿ ಬಾಚಣಿಗೆ ಬರೆದು. ಸಂಜೆ ಮಗುವಿನ ಅಪ್ಪನ ಕೈಗೆ ಕೊಟ್ಟು, "ಖಾಲಿ ಇರೋದು ನಿಮ್ಮ ಮನೆಯವರಿಗೆ. ಅವರಿಗೆ ಕಂಡಿದ್ದು ಏನಾದ್ರೂ ಇದ್ರೆ ಬರೀಲಿ," ಎಂದಳು.

ಅವನು ಲಕೋಟೆಯನ್ನು ಕೈಯಲ್ಲಿ ತೂಗಿ ನೋಡಿದ. "ದಪ್ಪಗಿದೆ," ಎಂದ, ಖುಷಿಯಿಂದ.

ಶನಿವಾರ, ಭಾನುವಾರ ಪುಟ್ಟ ಮಿಸ್ ಮನೆಯಲ್ಲಿ ಕೂತಳು. ತಪ್ಪು ಮಾಡಿದೆನೋ ಎಂದು ಮೊದಲ ಸಲ ಹೆದರಿಕೆಯಾಯಿತು. ಹೆದರಿಕೆ ಆದದ್ದು ಗೊತ್ತಾಯಿತು ಎನ್ನುವುದೇ ಅವಳಿಗೆ ಹೊಸದಾಗಿತ್ತು. ಹೊಲಿಗೆ ಯಂ‍ತ್ರದ ಮೇಲಿನ ಧೂಳು ಒರೆಸಿದಳು, ಮತ್ತೆ ಬಟ್ಟೆ ಹೊದಿಸಿದಳು.

ಸೋಮವಾರ ನರ್ಸರಿಯ ಕೊನೆಯ ದಿನ. ಬಾಚಣಿಗೆಯ ಅಪ್ಪ ಎಲ್ಲರಿಗಿಂತ ಮುಂಚೆ ಬಂದು ನಿಂತಿದ್ದ. ಕಿಸೆಯಿಂದ ಚೀಟಿ ತೆಗೆದು ಕೊಟ್ಟ.

"ರಿಪೋರ್ಟು ಓದ್ಕೊಂಡು ಅತ್ರಾ?" ಎಂದು ಕೇಳಿದಳು ಪುಟ್ಟ ಮಿಸ್.

"ಅತ್ಲು. ಆಮೇಲೆ ಇನ್ನೊಂದ್ಸಲ ಓದಿದ್ಲು. ಬಿಸ್ಕತ್ತಿನ ಚೀಟಿ ಓದಿ ನಕ್ಲು ಮಿಸ್. ನಗೋದು ನೋಡಿ ಎಷ್ಟು ದಿನ ಆಗಿತ್ತು. ಎಲ್ಲಾ ದಿಂಬಿನ ಕೆಳಗೆ ಇಟ್ಕೊಂಡಿದಾಳೆ. ಇದನ್ನ ಮಗಳಿಗೆ ನೀವೇ ಓದಿ ಹೇಳ್ಬೇಕಂತೆ, ನಾನು ಓದಿದ್ರೆ ಲಿಫ್ಟಿನ ಹಾಗೆ ಓದ್ತೀನಂತೆ."

ಪುಟ್ಟ ಮಿಸ್ ಬಾಚಣಿಗೆಯನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ಕರೆದು, ಪುಟ್ಟ ಕುರ್ಚಿಯ ಮೇಲೆ ಕೂತು, ಓದಿದಳು.

"ಅವತ್ತು ಕೈ ಬಿಟ್ಟಿದ್ದು ನಾನು. ನರ್ಸ್ ಕರೆದರು, ನಿನ್ನ ಬೆರಳು ಒಂದೊಂದಾಗಿ ಬಿಡಿಸಿ ಒಳಗೆ ಹೋದೆ. ನೀನು ಗಟ್ಟಿಯಾಗಿ ಹಿಡಿದಿದ್ದೆ. ನೀನು ಬಿಡಲಿಲ್ಲ."

"ಇನ್ನೊಂದ್ಸಲ," ಎಂದಳು ಹುಡುಗಿ.

ಪುಟ್ಟ ಮಿಸ್ ಇನ್ನೊಂದು ಸಲ ಓದಿದಳು. ಮೂರನೆಯ ಸಲವೂ ಓದಿದಳು. ಹುಡುಗಿ ತನ್ನ ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸಿ ನೋಡಿದಳು, ಐದೂ ಬೆರಳು. ಆಮೇಲೆ ಅಂಗಳದ ಕಡೆ ನೋಡಿದಳು. ಸಿಂಹ ಮರಳಿನ ತೊಟ್ಟಿಯಲ್ಲಿ ಗುಂಡಿ ತೋಡುತ್ತಿದ್ದ. ಹುಡುಗಿ ಅತ್ತ ನಡೆದಳು. ಲಾಡಿಯ ತುದಿ ಕುರ್ಚಿಯ ಪಕ್ಕ ನೆಲದ ಮೇಲೆ ಬಿದ್ದಿತ್ತು.

ಆ ದಿನವೆಲ್ಲ ಪುಟ್ಟ ಮಿಸ್ ಗೂಟಗಳ ಚಿತ್ರ ಕಿತ್ತಳು, ಚಾಪೆ ಸುತ್ತಿದಳು, ಅಪ್ಪ ಅಮ್ಮಂದಿರಿಗೆ ಕೈ ಮುಗಿದಳು. ಬಾಚಣಿಗೆ ಹೋಗುವಾಗ ಬಾಗಿಲಲ್ಲಿ ನಿಂತು ಕೈ ಬೀಸಿದಳು, ಮೈ ತುಂಬ ಮರಳು. ಐದು ಗಂಟೆಗೆ ಕೋಣೆ ಖಾಲಿಯಾಯಿತು. ಏಪ್ರನ್ ಬಿಚ್ಚಲು ಕೈ ಹಿಂದಕ್ಕೆ ಹಾಕಿದಳು. ಎಂಟು ತಿಂಗಳಿಂದ ಸಂಜೆಯ ಹೊತ್ತಿಗೆ ಅದು ತಾನಾಗಿ ಬಿಚ್ಚಿರುತ್ತಿತ್ತು, ತಲೆಯ ಮೇಲಿಂದ ಎಳೆದರೆ ಸಾಕಿತ್ತು. ಇಂದು ಗಂಟು ಬೆಳಿಗ್ಗೆ ಕಟ್ಟಿದ ಹಾಗೇ ಇತ್ತು. ಉಗುರು ಹಾಕಿದಳು, ಎಳೆದಳು, ಇನ್ನಷ್ಟು ಬಿಗಿಯಿತು.

ಕಸ ಗುಡಿಸುತ್ತಿದ್ದ ಆಯಾ ತಿರುಗಿ ನೋಡಿದಾಗ ಪುಟ್ಟ ಮಿಸ್ ಮೊಣಕಾಲೆತ್ತರದ ಕುರ್ಚಿಯ ಮೇಲೆ ಕೂತು, ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, ಬಾಯಿ ತೆರೆದು ಮಕ್ಕಳ ಹಾಗೆ ಗಟ್ಟಿಯಾಗಿ ಅಳುತ್ತಿದ್ದಳು.

"ಅಯ್ಯೋ, ಏನಾಯ್ತಮ್ಮ?"

"ಗಂಟು ಬಿಚ್ತಾ ಇಲ್ಲ," ಎಂದಳು. "ಅಕ್ಕ ಎಷ್ಟು ಗಟ್ಟಿಯಾಗಿ ಹೊಲಿದಿದಾಳೆ ನೋಡು."

ಆಯಾ ಪೊರಕೆ ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಅವಳ ಹಿಂದೆ ನೆಲಕ್ಕೆ ಕೂತಳು. "ಇರಿ, ಅಲ್ಲಾಡ್ಬೇಡಿ," ಎಂದು ಲಾಡಿಯ ತುದಿ ಹಿಡಿದುಕೊಂಡಳು.